ಎದ್ದರೆ ಸುತ್ತು, ನಡೆದರೆ ಜೋಮು

ಕಳೆದ ಶುಕ್ರವಾರ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿ ಮೇಲೆದ್ದೆ. ಅಷ್ಟೆ. ಎನ್.ಆರ್. ಕಾಲೋನಿ ಪೂರ್ತಿ ಒಂದು ಸುತ್ತು ತಿರುಗಿತು. ಕಣ್ಣು ಕತ್ತಲೆಗಟ್ಟಿತು. ಚೌಕಟ್ಟು ಹಿಡಿದುಕೊಳ್ಳದಿದ್ದರೆ ನನ್ನ ರಂಗೋಲಿಯ ಮೇಲೆ ನಾನೇ ಬೀಳುತ್ತಿದ್ದೆ.

ಎದುರುಮನೆ ಸುಬ್ಬಮ್ಮನವರು ನೋಡಿಬಿಟ್ಟರು. (ಅವರು ನೋಡದೆ ಇರುವುದು ಯಾವುದಿದೆ?) "ಏನಮ್ಮಾ, ಏನಾದ್ರೂ ವಿಶೇಷಾನಾ?" ಎಂದು ಅಲ್ಲಿಂದಲೇ ಕೂಗಿದರು.

ನಮ್ಮಲ್ಲಿ ಗಂಡಸಿಗೆ ತಲೆ ಸುತ್ತಿದರೆ ಪಿತ್ತ. ಮದುವೆಯಾದ ಹೆಂಗಸಿಗೆ ಸುತ್ತಿದರೆ ಬಸಿರು! ಮೂರನೆಯ ಕಾರಣ ಯಾರಿಗೂ ಬೇಕಿಲ್ಲ. ಸಂಜೆಯೊಳಗೆ ನಮ್ಮತ್ತೆ ಮಾವಿನಕಾಯಿ ತರಿಸಿದ್ದರು. "ಎರಡು ಗಂಡಾಯ್ತು, ಈ ಸಲ ಹೆಣ್ಣಾಗ್ಲಿ" ಎಂದು ದೇವರಿಗೆ ತುಪ್ಪದ ದೀಪವನ್ನೂ ಹಚ್ಚಿದರು. ಅದೆಲ್ಲ ಏನೂ ಇಲ್ಲ ಎಂದರೆ, "ಸುಮ್ನಿರೇ, ನಂಗೊತ್ತಾಗಲ್ವಾ!" ಎಂದರು.

ಇಲ್ಲವೆಂಬುದು ನನಗೆ ಗೊತ್ತು. (ಹೇಗೆ ಗೊತ್ತು ಎಂದು ಪತ್ರಿಕೆಯಲ್ಲಿ ಬರೆಯಲಾರೆ.) ನನ್ನ ಭಯವೇ ಬೇರೆ. ಕೆಲವು ತಿಂಗಳಿಂದ ಪಾದಗಳಲ್ಲಿ ಜೋಮು. ಕೂತು ಎದ್ದಾಗ ಹಿಡಿಯುವ ಜೋಮಲ್ಲ, ಅದು ಕೊಡವಿದರೆ ಹೋಗುತ್ತದೆ. ಇದು ಹೋಗುವುದಿಲ್ಲ. ಮೊನ್ನೆ ಗಾಂಧಿ ಬಜಾರಿನಲ್ಲಿ ಒಂದು ಚಪ್ಪಲಿ ಕಳಚಿಹೋದದ್ದೇ ತಿಳಿಯಲಿಲ್ಲ! ಹೂವಿನವಳು ಕೂಗಿ ಹೇಳಬೇಕಾಯಿತು. ಇದೇನು, ಲಕ್ವದ ಶುರುವೇ? ಯಾರನ್ನು ಕೇಳಲಿ?

ಕೊನೆಗೆ ವಿಶ್ವೇಶ್ವರಪುರದ ಲೇಡಿ ಡಾಕ್ಟರ ಹತ್ತಿರ ಹೋದೆ. ಶುಭಸುದ್ದಿ ಕೇಳಲು ಅತ್ತೆಯೂ ಬಂದರು. ಡಾಕ್ಟರು ಮಲಗಿಸಿ ಬ್ಲಡ್ ಪ್ರೆಷರ್ ನೋಡಿದರು, ನಿಲ್ಲಿಸಿ ನೋಡಿದರು. ಕಣ್ಣಿನ ರೆಪ್ಪೆ ಕೆಳಗೆಳೆದರು. ಮನೆಯಲ್ಲಿ ಸಕ್ಕರೆ ಕಾಯಿಲೆ ಇದೆಯೇ? ಕಿವಿ ಗುಂಯ್‌ಗುಡುತ್ತದೆಯೇ? ಎದ್ದೊಡನೆ ತಲೆ ಸುತ್ತಲು ಇಷ್ಟೊಂದು ಕಾರಣಗಳಿವೆಯೇ! ಆಮೇಲೆ ಒಂದು ಲೋಹದ ಶ್ರುತಿಕವೆಯನ್ನು ಬಡಿದು, ಅದುರುವಾಗಲೇ ನನ್ನ ಕಾಲಿನ ಗೆಣ್ಣಿಗೆ ಒತ್ತಿ, "ಗೊತ್ತಾಗ್ತಿದೆಯಾ?" ಎಂದರು.

"ಏನು?" ಎಂದೆ.

ಅವರು ನಗಲಿಲ್ಲ.

ರಕ್ತದ ರಿಪೋರ್ಟ್ ನಿನ್ನೆ ಬಂತು, ಅತ್ತೆಯೊಡನೆ ಮತ್ತೆ ಹೋದೆ. "ಬಸುರಲ್ಲ. ಇದೊಂಥರಾ ರಕ್ತಹೀನತೆ. ಎದ್ದಾಗ ಸುತ್ತು ಬರೋದು ಅದಕ್ಕೇ. ನರಕ್ಕೂ ತಗುಲಿದೆ. ತಡ ಮಾಡಿದ್ರೆ ನಡೆಯೋದೇ ಕಷ್ಟ ಆಗುತ್ತೆ. ಲಿವರ್ ಇಂಜೆಕ್ಷನ್ ಶುರು ಮಾಡ್ಬೇಕು" ಎಂದರು ಡಾಕ್ಟರು.

"ಲಿವರ್ ಅಂದ್ರೆ?" ಅತ್ತೆ ಕೇಳಿದರು.

"ಪ್ರಾಣಿಯ ಯಕೃತ್ತು. ಅದರ ಸಾರ ತೆಗೆದು ಮಾಡ್ತಾರೆ."

"ಯಾವ ಪ್ರಾಣಿ?"

"ಹೆಚ್ಚಾಗಿ ದನ."

(ಒಂದು ಸುಳ್ಳು ಹೇಳಬಾರದಿತ್ತೇ, ಮಹಾತಾಯಿ!)

ನಮ್ಮದು ಬೆಳ್ಳುಳ್ಳಿಯೂ ಒಳಗೆ ಬಾರದ ಮನೆ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮನೆಗೆ ಬಂದು, ಕಾಲು ತೊಳೆದುಕೊಂಡು, ಆಮೇಲೆ ಹೇಳಿದರು: "ಚುಚ್ಚಿಸ್ಕೋ. ನಾಲಿಗೆಗೆ ತಾಕಲ್ವಲ್ಲ. ಸೂಜಿಗೆಂಥಾ ಮೈಲಿಗೆ? ನಿನ್ನ ಮಕ್ಕಳ ಹಿಂದೆ ಓಡೋಕೆ ನನ್ನ ಕೈಲಾಗಲ್ಲ."

ನಾನು ಅಲ್ಲೇ ಅತ್ತುಬಿಟ್ಟೆ.

ನಮ್ಮ ಯಜಮಾನರು ಮಾತ್ರ ಇನ್ನೂ ಒಪ್ಪಿಲ್ಲ. ಬಿ.ಎ. ಓದಿದವರು! ಮಠದ ಸ್ವಾಮಿಗಳನ್ನು ಒಂದು ಮಾತು ಕೇಳಿಬಿಡೋಣ ಎನ್ನುತ್ತಿದ್ದಾರೆ. ಸ್ವಾಮಿಗಳು ಸಂಚಾರದಲ್ಲಿದ್ದಾರಂತೆ, ಯಾವಾಗ ಬರುತ್ತಾರೋ ಯಾರಿಗೂ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಜೋಮು ಮಂಡಿಯ ಹತ್ತಿರಕ್ಕೆ ಬಂದಿದೆ.

ಕಾಲು ಯಾರದು, ನೀವೇ ಹೇಳಿ?