ರಷ್ಯಾದ ಹೆಂಗಸರಿಗೆ ಕುಪ್ಪಸ

ಕಾಲೇಜಿನ ದಿನಗಳಲ್ಲಿ ಇಂಡಿ ಊರಿನ ಹಳೇ ಪುಸ್ತಕದಂಗಡಿಯಲ್ಲಿ ಕೊಂಡದ್ದು ಅದು: ದಪ್ಪನೆಯ ರಷ್ಯನ್ ಕಾದಂಬರಿ, ಕನ್ನಡ ಅನುವಾದ, ನಡುನಡುವೆ ಬಣ್ಣದ ಚಿತ್ರಗಳು. ಮದುವೆಯಾಗಿ ಬಸವನ ಬಾಗೇವಾಡಿಗೆ ಬಂದಾಗ ತವರಿನ ಬಾಂಡೆ ಸಾಮಾನಿನ ಜೊತೆ ಅದೂ ಬಂತು. ಬೀಗರೆಲ್ಲ ಪಾತ್ರೆಗಳನ್ನು ತಟ್ಟಿ ನೋಡಿದರು. ಪುಸ್ತಕ ಬಿಡಿಸಿ ನೋಡಿದವರು ಮಾವನವರೊಬ್ಬರೇ.

ಮಾವನವರು ನಿವೃತ್ತ ಡ್ರಾಯಿಂಗ್ ಮಾಸ್ತರರು. ಚಿತ್ರಗಳ ವಿಷಯದಲ್ಲಿ ಮನೆಯಲ್ಲಿ ಅವರದೇ ಕೊನೆಯ ಮಾತು. ಉಳಿದ ವಿಷಯಗಳಲ್ಲೂ ಅವರದೇ. ಎರಡನೇ ಚಿತ್ರದಲ್ಲೇ ಕುಣಿಯುವ ಹೆಂಗಸರ ಬರಿಭುಜ ಕಂಡು ಅವರ ಮುಖ ಕೆಂಪಾಯಿತು.

"ಮಕ್ಕಳು ಮರಿ ಓಡ್ಯಾಡೋ ಮನಿ ಐತಿ. ಸ್ವಲ್ಪ ಸರಿ ಮಾಡಿ ಕೊಡ್ತೇನಿ," ಎಂದು ಒಯ್ದರು.

ಮನೆಯಲ್ಲಿ ಆಗ ಮಕ್ಕಳೂ ಇರಲಿಲ್ಲ, ಮರಿಯೂ ಇರಲಿಲ್ಲ. ಆದರೂ ಒಂದೇ ವಾರದಲ್ಲಿ ರಷ್ಯಾದ ಶ್ರೀಮಂತ ಮನೆತನಗಳೆಲ್ಲ ಮೊಣಕೈ ಮುಚ್ಚುವ ಕುಪ್ಪಸ ತೊಟ್ಟವು. ನೀಲಿ ಬಾಲ್‌ಪೆನ್ನಿನ ಕೆಲಸ, ಕೈಚಳಕ ಮಾತ್ರ ಒಳ್ಳೆಯದು. ಖಣದ ನಕ್ಷೆ ಕೂಡ ಬಿಟ್ಟಿರಲಿಲ್ಲ. ಸೇನಾಧಿಪತಿಯ ಹೆಂಡತಿಗೆ ತಲೆ ಮೇಲೆ ಸೆರಗೂ ಸಿಕ್ಕಿತ್ತು. ನನಗೆ ಸಿಟ್ಟು ಬಂತು, ನಗುವೂ ಬಂತು. ಹೊಸ ಸೊಸೆಗೆ ಎರಡಕ್ಕೂ ಪರವಾನಗಿ ಇರಲಿಲ್ಲ.

ಹನ್ನೆರಡು ವರ್ಷ ಪುಸ್ತಕ ತಿಜೋರಿಯಲ್ಲಿ ಸೀರೆಗಳ ಕೆಳಗಿತ್ತು. ಕಳೆದ ವರ್ಷ ಮೊಣಕಾಲಿನ ಆಪರೇಶನ್ ಆಗಿ ಮಲಗಿದ ಮಾವನವರು, ತಾವು ಬಟ್ಟೆ ತೊಡಿಸಿದವರ ಕಥೆಯಾದರೂ ಏನೆಂದು ಅದನ್ನು ತರಿಸಿಕೊಂಡರು. ಅದೇ ವಾರ ಮುದ್ದೇಬಿಹಾಳದ ಕಾಲೇಜೊಂದರಿಂದ ಪಾಠ ಹೇಳುವ ಕೆಲಸಕ್ಕೆ ನನಗೆ ಕರೆ ಬಂತು. ಸೋಮವಾರದೊಳಗೆ ಹೋಗಿ ಸೇರಬೇಕು. ಎಂ.ಎ. ಮಾಡಿ ಇಷ್ಟು ವರ್ಷ ರೊಟ್ಟಿ ಬಡಿದವಳಿಗೆ ಆ ಕೆಲಸ ಬೇಕಿತ್ತು, ತುಂಬಾ ಬೇಕಿತ್ತು. ಗಂಡನನ್ನು ಕೇಳಿದೆ. "ಅಪ್ಪಾರನ್ನ ಕೇಳು," ಎಂದು ಮೊಬೈಲ್ ಚಾರ್ಜಿಗೆ ಹಚ್ಚಲು ಎದ್ದು ಹೋದರು. ಅದರ ಬ್ಯಾಟರಿ ಮುಗಿಯುವುದು ಇಂಥ ಹೊತ್ತಿನಲ್ಲೇ.

ಮಾವನವರೋ ಕಾದಂಬರಿಯಲ್ಲಿ ಮುಳುಗಿಬಿಟ್ಟಿದ್ದರು. ನೋಡಲು ಬಂದವರಿಗೆ ಮೊಣಕಾಲಿನ ನೋವು ಬಿಟ್ಟು ನಾಯಕಿಯ ನೋವು ಹೇಳುತ್ತಿದ್ದರು. ಭಾನುವಾರ ಚಹಾ ಕೊಡಲು ಹೋದರೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಇಷ್ಟು ಶಾಣ್ಯಾ ಹೆಣ್ಣಮಗಳನ್ನ ಮನ್ಯಾಗ ಕೂಡಿಸಿ ಜೀವಾ ತಿನ್ನಾಕತ್ತಾರ ನೋಡವಾ. ನಿನಗೇನು ಬೇಕು ಅಂತ ಒಬ್ಬರರೆ ಕೇಳಬೇಕೋ ಬ್ಯಾಡೋ?"

ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವ ಪಂಚಾಂಗದಲ್ಲೂ ಸಿಗದು ಅನ್ನಿಸಿತು.

"ಮಾವಾರ, ಮುದ್ದೇಬಿಹಾಳದಾಗ ನನಗ ಕೆಲಸ ಸಿಕ್ಕೈತ್ರಿ. ನಾಳೆ ಕಡೀ ದಿನ. ಹೋಗ್ಲೇನ್ರಿ?"

ಕಣ್ಣು ಅಲ್ಲೇ ಒಣಗಿದವು. "ಅದು ಬ್ಯಾರೆ, ಇದು ಬ್ಯಾರೆ. ಈ ಮನ್ಯಾಗ ನಿನಗೇನ್ ಕಡಿಮಿ ಆಗೈತಿ?" ಎಂದು ಪುಟ ತಿರುವಿದರು.

ಸಾವಿರಾರು ಮೈಲಿ ದೂರದವಳಿಗೆ ಸುರಿದ ಕಣ್ಣೀರಿನಲ್ಲಿ ನನ್ನ ಪಾಲಿಗೆ ಒಂದು ಹನಿಯೂ ಉಳಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸಿ, ಅಡುಗೆ ಮುಚ್ಚಿಟ್ಟು, ಸರ್ಟಿಫಿಕೇಟಿನ ಫೈಲು ಹಿಡಿದು ಹೊರಟೆ. ಪಡಸಾಲೆಯಲ್ಲಿ ಮಾವನವರ ಮಂಚದ ಮುಂದೆಯೇ ಹಾಯ್ದು ಹೋಗಬೇಕು. "ಹೋಗಿ ಬರ್ತೇನ್ರಿ," ಅಂದೆ, ಗಟ್ಟಿಯಾಗಿಯೇ. ಅವರು ತಲೆ ಎತ್ತಲಿಲ್ಲ. ತೆರೆದ ಪುಟ ನನಗೆ ಗೊತ್ತಿತ್ತು: ನಾಯಕಿ ಗಂಡನ ಮನೆ ಬಿಡಲೋ ಬೇಡವೋ ಎಂದು ಬಾಗಿಲಲ್ಲಿ ನಿಂತಿದ್ದಳು.

"ಹೋಗವಾ, ಹೋಗಿಬಿಡು. ಇವರನ್ನ ಕೇಳಕೋತ ಕೂಡಬ್ಯಾಡ," ಎಂದು ಮಾವನವರು ಅವಳಿಗೆ ಗೊಣಗುತ್ತಿದ್ದರು.

"ಹೂಂನ್ರಿ," ಎಂದು ನಾನು ಚಪ್ಪಲಿ ಮೆಟ್ಟಿಕೊಂಡೆ.