ಲೆಕ್ಕಕ್ಕೆ ಬಾರದ ರೋಗಿ

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅವಳನ್ನು ಎಲ್ಲರೂ ಗೋಡೆಯಕ್ಕ ಎಂದು ಕರೆಯುತ್ತಿದ್ದರು. ಆ ಹೆಸರಿಗೂ ಅವಳ ಸ್ವಭಾವಕ್ಕೂ ಸಂಬಂಧವೇ ಇರಲಿಲ್ಲ. ಅದೇ ವಿಭಾಗದಲ್ಲಿ ವರ್ಷಗಟ್ಟಲೆ ನರ್ಸಾಗಿ ದುಡಿದವಳು; ಎಳೆಯ ವೈದ್ಯರನ್ನೂ ರೋಗಿಗಳ ಕಡೆಯವರನ್ನೂ ಒಂದೇ ದನಿಯಲ್ಲಿ ಗದರಿಸಿದವಳು. ಬೆನ್ನುನೋವು ಹೆಚ್ಚಿ, ಹಾಸಿಗೆಯಿಂದ ಹಾಸಿಗೆಗೆ ಓಡುವುದು ಕೈಲಾಗದೆ ಹೋದಾಗ ಅವಳಿಗೆ ಹೊಸ ಕೆಲಸವೊಂದು ಸಿಕ್ಕಿತು. ಅದರ ಮೊದಲ ಷರತ್ತೇ ಬಾಯಿ ಮುಚ್ಚಿಕೊಂಡು ನಿಲ್ಲುವುದು.

ಊರಿನ ಆಸ್ಪತ್ರೆಗಳೂ ಕ್ಲಿನಿಕ್ಕುಗಳೂ ಸೇರಿ ರೋಗಿಗಳ ದಾಖಲೆಗಳನ್ನು ಒಂದೇ ಜಾಲಕ್ಕೆ ಹಾಕಿದ್ದವು. ಒಂದು ಕಡೆ ಬರೆದುಕೊಟ್ಟ ಔಷಧಿ, ಮಾಡಿಸಿದ ರಕ್ತಪರೀಕ್ಷೆ, ಮೈಗೆ ಒಗ್ಗದ ಮದ್ದು ಎಲ್ಲವೂ ಇನ್ನೊಂದು ಕಡೆಯ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ಇದರಿಂದ ರೋಗಿಗೆ ನಿಜವಾಗಿ ಎಷ್ಟು ಒಳ್ಳೆಯದಾಗುತ್ತದೆ ಎಂದು ಅಳೆಯುವ ತಂಡದಲ್ಲಿ ಅವಳಿದ್ದಳು. ರೋಗಿ ಬಾಗಿಲು ದಾಟಿದ ಮೇಲೆ ವೈದ್ಯರು ಅವನ ಹಳೆಯ ದಾಖಲೆ ತೆರೆಯಲು ಎಷ್ಟು ಹೊತ್ತು ಹಿಡಿಯಿತು, ಮಾಡಿದ ಪರೀಕ್ಷೆಯನ್ನೇ ಮತ್ತೆ ಮಾಡಿಸಿದರೇ, ಕೊಡಬಾರದ ಔಷಧಿ ಕೊಟ್ಟರೇ ಎಂದು ಮೂಲೆಯಲ್ಲಿ ನಿಂತು ಟ್ಯಾಬಿನಲ್ಲಿ ಗುರುತಿಸಬೇಕು. ದಾಖಲೆ ಬೇಗ ತೆರೆದರೆ ಹಸಿರು ಗುರುತು ತಾನಾಗಿಯೇ ಬೀಳುತ್ತಿತ್ತು.

“ನೀವು ಗೋಡೆ ಇದ್ದ ಹಾಗೆ ಇರ್ಬೇಕು,” ಎಂದು ಹೊಸದಾಗಿ ಸೇರಿದ ವೀಕ್ಷಕರಿಗೆ ಅವಳೇ ಪಾಠ ಹೇಳುತ್ತಿದ್ದಳು. “ನೀವು ಕೆಮ್ಮಿದ್ರೆ ಸಾಕು, ಡಾಕ್ಟ್ರು ಈ ಕಡೆ ತಿರುಗ್ತಾರೆ. ಆಮೇಲೆ ನಾವು ಅಳೀತಿರೋದು ಜಾಲಾನೋ ನಿಮ್ಮ ಕೆಮ್ಮನ್ನೋ ಅಂತ ಯಾರಿಗೂ ಗೊತ್ತಾಗಲ್ಲ.”

ಪ್ರಾಣಕ್ಕೆ ಅಪಾಯ ಕಂಡರೆ ಮಾತ್ರ ವೀಕ್ಷಕರು ಬಾಯಿ ತೆರೆಯಬಹುದಿತ್ತು. ಹಾಗೆ ತೆರೆದರೆ ಆ ರೋಗಿಯನ್ನು ಲೆಕ್ಕದಿಂದ ಕೈಬಿಡಬೇಕು. ಈ ನಿಯಮವನ್ನು ಅಧ್ಯಯನದ ಮುಖ್ಯಸ್ಥೆಯ ಪಕ್ಕದಲ್ಲಿ ಕೂತು ಬರೆಸಿದವಳೂ ಅವಳೇ. ಅವಳ ಪಾಠ ಕೇಳಿ ಕೇಳಿ ನಕ್ಕ ನರ್ಸುಗಳು ಕೊನೆಗೆ ಆ ಹೆಸರನ್ನೇ ಅವಳಿಗೆ ಅಂಟಿಸಿದ್ದರು.

ಮನೆಗೆ ಬಂದರೆ ಗೋಡೆಗೆ ಬಾಯಿ ಬರುತ್ತಿತ್ತು. ಜಾಲದಲ್ಲಿ ಹೆಸರು ಬರೆಸಿಕೊಳ್ಳಿ ಎಂದು ಅತ್ತೆಗೆ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

“ನನ್ನ ಹೊಟ್ಟೆ ಕಟ್ಕೊಂಡಿರೋ ವಿಷಯ ಊರಿನ ಡಾಕ್ಟ್ರಿಗೆಲ್ಲಾ ಯಾಕೆ ಗೊತ್ತಾಗ್ಬೇಕು?” ಎನ್ನುತ್ತಿದ್ದರು ಅತ್ತೆ.

“ಬಸ್ಸಲ್ಲಿ ಪಕ್ಕ ಕೂತೋರಿಗೆಲ್ಲಾ ನೀವೇ ಹೇಳ್ತೀರಲ್ಲ, ಅತ್ತೆ.”

“ಅದು ನಾನು ಹೇಳೋದು. ನನ್ನ ಬಾಯಿ, ನನ್ನಿಷ್ಟ.”

ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಗಂಡ ಇಬ್ಬರ ನಡುವೆ ತಲೆ ಹಾಕದೆ, ತಟ್ಟೆ ನೋಡಿಕೊಂಡು ಊಟ ಮುಗಿಸಿ ಎದ್ದುಬಿಡುತ್ತಿದ್ದ.

ವರದಿ ಒಪ್ಪಿಸುವ ದಿನ ಹತ್ತಿರವಾಗಿತ್ತು. ಹಸಿರು ಗುರುತುಗಳು ಧಾರಾಳವಾಗಿ ಬಿದ್ದಿದ್ದವು. ಫಲಿತಾಂಶ ಚೆನ್ನಾಗಿದ್ದರೆ ಜಾಲವನ್ನು ಸುತ್ತಲಿನ ಊರುಗಳಿಗೂ ಹಬ್ಬಿಸುತ್ತಾರೆ, ಇಲ್ಲದಿದ್ದರೆ ಮುಚ್ಚುತ್ತಾರೆ ಎಂಬ ಮಾತು ಕಾರಿಡಾರಿನಲ್ಲಿ ಓಡಾಡುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಸ್ಟ್ರೆಚರಿನಲ್ಲಿ ಒಬ್ಬ ದರ್ಜಿಯನ್ನು ತಂದರು. ಐವತ್ತರ ಆಸುಪಾಸಿನ ಮನುಷ್ಯ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಬಲಗೈ ಜೋತುಬಿದ್ದಿತ್ತು. ಏನೋ ಹೇಳಲು ಹೋಗುತ್ತಿದ್ದ. ಗಂಟಲಿನಿಂದ ಬರೀ ಸದ್ದು ಹೊರಡುತ್ತಿತ್ತು. ಜೊತೆಯಲ್ಲಿದ್ದವನು ಅಂಗಡಿಯಿಂದಲೇ ಓಡಿಬಂದ ತಮ್ಮ.

ಪಾಳಿಯಲ್ಲಿದ್ದ ಕನ್ನಡಕದ ಡಾಕ್ಟರು ಚುರುಕಾದವರು. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆ ಎಂದು ಅವರಿಗೆ ಕೂಡಲೇ ಅನುಮಾನ ಬಂತು. ಸ್ಕ್ಯಾನ್ ಮಾಡಿಸಿದರು, ಒಳಗೆ ರಕ್ತಸ್ರಾವವಾಗಿರಲಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಗ ಕೊಟ್ಟಷ್ಟೂ ಕೈಕಾಲು ಉಳಿಯುವ ಆಸೆ ಹೆಚ್ಚು. ಆದರೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ಮೊದಲೇ ನುಂಗುತ್ತಿರುವವರಿಗೆ ಅದನ್ನು ಕೊಟ್ಟರೆ ಮಿದುಳಿನೊಳಗೆ ರಕ್ತ ಸುರಿದು ಪ್ರಾಣವೇ ಹೋಗಬಹುದು.

“ನಿಮ್ಮಣ್ಣ ಏನೇನು ಮಾತ್ರೆ ತಗೋತಾರೆ?” ಡಾಕ್ಟರು ಕೇಳಿದರು.

“ಸಕ್ಕರೆ ಕಾಯಿಲೇದು, ಬಿಪೀದು. ಅಷ್ಟೇ ಡಾಕ್ಟ್ರೇ.”

“ರಕ್ತ ತೆಳು ಮಾಡೋ ಮಾತ್ರೆ? ಹೃದಯಕ್ಕೆ ಏನಾದ್ರೂ?”

“ಇಲ್ಲ ಇಲ್ಲ. ಅವನ ಹೃದಯ ಗಟ್ಟಿ. ದಿನವಿಡೀ ಮೆಷಿನ್ ತುಳಿಯೋ ಆಳು.”

ಸ್ಟ್ರೆಚರಿನ ಮೇಲಿದ್ದವನು ತಲೆ ಹೊರಳಿಸಿದ. ಅದನ್ನು ಯಾರೂ ಉತ್ತರವೆಂದು ತಿಳಿಯಲಿಲ್ಲ.

ಡಾಕ್ಟರು ಕಂಪ್ಯೂಟರಿನ ಮುಂದೆ ಬಗ್ಗಿ ದಾಖಲೆ ತೆರೆದರು. ಮೊದಲ ಪುಟದಲ್ಲಿ ತಮ್ಮ ಹೇಳಿದ ಮಾತ್ರೆಗಳೇ ಇದ್ದವು. ಗೋಡೆಯಕ್ಕನ ಟ್ಯಾಬಿನಲ್ಲಿ ಹಸಿರು ಗುರುತು ಬಿತ್ತು. ಡಾಕ್ಟರು ನೆಟ್ಟಗಾಗಿ, “ತಯಾರು ಮಾಡಿ,” ಎಂದರು.

ವೈದ್ಯರು ಯಾವ ಯಾವ ಪುಟ ನೋಡಿದರು ಎಂಬುದನ್ನು ವೀಕ್ಷಕರ ಟ್ಯಾಬ್ ತೋರಿಸುತ್ತಿತ್ತು. ಅದರ ತಳದಲ್ಲಿ ಒಂದು ಸಾಲು ಬೂದು ಬಣ್ಣದಲ್ಲೇ ಉಳಿದಿತ್ತು: ಹೃದಯದ ಆಸ್ಪತ್ರೆ, ತೆರೆದಿಲ್ಲ. ಗೋಡೆಯಕ್ಕ ಅದನ್ನು ಒತ್ತಿದಳು. ಎದೆಬಡಿತ ಏರುಪೇರು ಎಂದು ಅದೇ ತಿಂಗಳು ಅವನು ಅಲ್ಲಿಗೆ ಹೋಗಿದ್ದ. ರಕ್ತ ತೆಳುವಾಗಿಸುವ ಮಾತ್ರೆ ಬರೆದುಕೊಟ್ಟಿದ್ದರು.

ಕೂಗಲು ಹೊರಟವಳು ತಡೆದಳು. ಡಾಕ್ಟರು ಆ ಪುಟವನ್ನು ಬೇರೆ ತೆರೆಯ ಮೇಲೆ ನೋಡಿರಬಹುದು. ಮಾತ್ರೆಯನ್ನು ಆಮೇಲೆ ನಿಲ್ಲಿಸಿರಬಹುದು. ತಾನು ಸುಮ್ಮನೆ ಕೂಗಿ ಇಂಜೆಕ್ಷನ್ ತಡವಾದರೆ ಅವನ ಕೈ ಹೋಗುವುದು ತನ್ನಿಂದಲೇ. ನರ್ಸ್ ಸಿರಿಂಜನ್ನು ಬೆಳಕಿಗೆ ಹಿಡಿದು ಗಾಳಿ ಹೊರದಬ್ಬಿದಳು. ತಮ್ಮ ಅಣ್ಣನ ಪಾದ ಹಿಡಿದುಕೊಂಡು ಕಣ್ಣು ಮುಚ್ಚಿದ್ದ. ಸೂಜಿ ದರ್ಜಿಯ ಕೈಗೆ ಚುಚ್ಚಿದ್ದ ಕೊಳವೆಯ ಬಾಯಿಗೆ ಬಂತು.

“ನಿಲ್ಸಿ!”

ಅವಳ ಹಳೆಯ ದನಿ ಅದು. ವಿಭಾಗದ ಆ ತುದಿಯಲ್ಲಿದ್ದವರೂ ತಿರುಗಿ ನೋಡಿದರು.

“ಕೈ ತೆಗಿ ಅಂದೆ! ಸಾರ್, ಹೃದಯದ ಆಸ್ಪತ್ರೆ ಪುಟ ತೆಗೀರಿ. ಕೆಳಗಿದೆ, ಕೊನೇಲಿ.”

ಡಾಕ್ಟರು ಕಂಪ್ಯೂಟರಿನತ್ತ ಹಾರಿದರು. ಪುಟ ತೆರೆದುಕೊಳ್ಳಲು ಹೊತ್ತು ಹಿಡಿಯಿತು. ಎಲ್ಲರ ಕಣ್ಣೂ ಅಲ್ಲೇ. ಓದಿದ ಡಾಕ್ಟರ ಮುಖ ಬಿಳಿಚಿಕೊಂಡಿತು.

“ಎತ್ತಿಡಿ ಅದನ್ನ,” ಎಂದರು ನರ್ಸಿಗೆ. ಆಮೇಲೆ ದರ್ಜಿಯ ಕಡೆ ಬಗ್ಗಿ, “ಈ ಮಾತ್ರೆ ಇವತ್ತೂ ತಗೊಂಡ್ರಾ? ಹೌದಾದ್ರೆ ಕಣ್ಣು ಮುಚ್ಚಿ,” ಎಂದರು.

ದರ್ಜಿ ಕಣ್ಣು ಮುಚ್ಚಿದ. ಬಹಳ ಹೊತ್ತು ತೆರೆಯಲಿಲ್ಲ.

ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ಉಳಿದದ್ದು ಒಂದೇ ದಾರಿ: ರಕ್ತನಾಳದೊಳಗೆ ಸಣ್ಣ ತಂತಿ ತೂರಿಸಿ ಹೆಪ್ಪನ್ನು ಎಳೆದು ತೆಗೆಯುವುದು. ಆ ಸೌಲಭ್ಯ ಇದ್ದದ್ದು ಹೃದಯದ ಆಸ್ಪತ್ರೆಯಲ್ಲೇ. ಡಾಕ್ಟರು ಫೋನ್ ಮಾಡಿದರು. ಆಂಬ್ಯುಲೆನ್ಸ್ ಹೊರಡುವ ಮೊದಲೇ ಇಲ್ಲಿ ತೆಗೆದ ಸ್ಕ್ಯಾನನ್ನು ಅಲ್ಲಿಯವರು ಜಾಲದಲ್ಲಿ ನೋಡಿ ಮೇಜು ಸಜ್ಜು ಮಾಡಿಕೊಂಡಿದ್ದರು. ದರ್ಜಿ ಬದುಕಿದ.

ಗಲಾಟೆ ಅಡಗಿದ ಮೇಲೆ ಡಾಕ್ಟರು ಕನ್ನಡಕ ತೆಗೆದು ಅವಳ ಪಕ್ಕದಲ್ಲಿ ಗೋಡೆಗೆ ಒರಗಿದರು.

“ದಾಖಲೆ ನೋಡಿದ್ದೆ ಸಿಸ್ಟರ್ ನಾನು. ನೋಡೇ ಹೇಳಿದ್ದು.”

“ಗೊತ್ತು ಸಾರ್. ಹಸಿರು ಬಿತ್ತು,” ಎಂದಳು.

ನಿಯಮದಂತೆ ಅವಳು ಟ್ಯಾಬಿನಲ್ಲಿ ‘ಕೈಬಿಡಿ’ ಒತ್ತಿದಳು. ದರ್ಜಿಯ ಸಾಲು ಮಾಯವಾಯಿತು. ಆ ಖಾಲಿ ಜಾಗವನ್ನೇ ನೋಡುತ್ತಾ ನಿಂತಳು. ತಾನು ಸುಮ್ಮನಿದ್ದು ಅವನು ಸತ್ತಿದ್ದರೆ ಲೆಕ್ಕದಲ್ಲಿ ಅದೊಂದು ಸೋಲಾಗಿ ಬರುತ್ತಿತ್ತು. ಕೂಗಿ ಉಳಿಸಿದ್ದಕ್ಕೆ ಅವನು ಲೆಕ್ಕಕ್ಕೇ ಇಲ್ಲ. ಹಾಗಾದರೆ ಬೇರೆ ವೀಕ್ಷಕರು ಎಷ್ಟು ಸಲ ಕೂಗಿದ್ದಾರೆ?

ಒಬ್ಬೊಬ್ಬರನ್ನೇ ಹಿಡಿದು ಕೇಳಿದಳು. ಒಬ್ಬಳು ಒಗ್ಗದ ಔಷಧಿಯನ್ನು ತಡೆದಿದ್ದಳು. ಇನ್ನೊಬ್ಬ, ಒಂದೇ ಹೆಸರಿನ ಇಬ್ಬರ ದಾಖಲೆ ಅದಲುಬದಲಾಗಿದ್ದನ್ನು ಕಂಡು ಬಾಯಿ ಬಿಟ್ಟಿದ್ದ. ಹೀಗೆ ಇನ್ನೂ ಕೆಲವು. ಎಲ್ಲವೂ ಶಿಸ್ತಾಗಿ ಲೆಕ್ಕದಿಂದ ಹೊರಗೆ ಹೋಗಿದ್ದವು. ಜಾಲ ಎಲ್ಲೆಲ್ಲಿ ಕೈಕೊಟ್ಟಿತ್ತೋ ಅವುಗಳಲ್ಲಿ ಅತಿ ಕೆಟ್ಟವನ್ನೇ ಅವರೆಲ್ಲ ಸೇರಿ ಗುಡಿಸಿ ಹಾಕಿದ್ದರು. ಗುಡಿಸಿ ಎಂದು ಪಾಠ ಹೇಳಿದವಳು ತಾನು.

ಮರುದಿನ ಬೆಳಿಗ್ಗೆ ಮುಖ್ಯಸ್ಥೆಯ ಕೋಣೆಗೆ ಹೋಗಿ, ಕೈಬಿಟ್ಟವರನ್ನೂ ಲೆಕ್ಕಕ್ಕೆ ಸೇರಿಸೋಣ ಎಂದಳು. ಮುಖ್ಯಸ್ಥೆ ಹಿಂದೆ ಅದೇ ವಿಭಾಗದಲ್ಲಿ ವೈದ್ಯೆಯಾಗಿದ್ದವರು. ಅವಳ ಬೆನ್ನು ಕೈಕೊಟ್ಟಾಗ ಕರೆದು ಕೆಲಸ ಕೊಟ್ಟವರು. ಪೂರ್ತಿ ಕೇಳಿಸಿಕೊಂಡು ಕಿಟಕಿಯ ಕಡೆ ತಿರುಗಿದರು.

“ಕೊನೇ ಗಳಿಗೇಲಿ ನಿಯಮ ಬದಲಾಯಿಸಿದ್ರೆ ಜನ ಏನಂತಾರೆ? ಬೇಕಾದ ಹಾಗೆ ತಿರುಚಿದ್ರು ಅಂತಾರೆ.”

“ಬೇಕಾದ ಹಾಗೆ ಎಲ್ಲಿ ಮೇಡಂ? ಬೇಡದ ಹಾಗೆ ಬದಲಾಯಿಸೋಣ ಅಂತಿದೀನಿ.”

ಮುಖ್ಯಸ್ಥೆ ನಗಲಿಲ್ಲ. “ಅಂಕಿ ಬಿದ್ರೆ ಜಾಲ ಮುಚ್ತಾರೆ. ಆಮೇಲೆ ಇನ್ನೊಬ್ಬ ದರ್ಜಿ ಬರ್ತಾನೆ, ಅವನ ದಾಖಲೇನೇ ಇರಲ್ಲ. ಆಗ ನೀನು ಏನು ನೋಡಿ ಕೂಗ್ತೀಯ?”

ಜಾಲ ಬರುವ ಮೊದಲು ಇದೇ ವಿಭಾಗದಲ್ಲಿ ಏನೂ ಗೊತ್ತಿಲ್ಲದೆ ಕೈ ಕಟ್ಟಿಕೊಂಡು ನಿಂತ ದಿನಗಳು ಅವಳಿಗೂ ನೆನಪಿದ್ದವು. ಎದ್ದು ಬಂದಳು.

ವಾರ ಕಳೆದು ಅವಳು ದರ್ಜಿಯನ್ನು ನೋಡಲು ಹೃದಯದ ಆಸ್ಪತ್ರೆಗೆ ಹೋದಳು. ಅವನು ದಿಂಬಿಗೆ ಒರಗಿ ಕೂತಿದ್ದ. ಮಾತು ತಡವರಿಸುತ್ತಾ ಬರುತ್ತಿತ್ತು. ಬಲಗೈ ಮೇಲೇಳುತ್ತಿತ್ತು, ಬೆರಳುಗಳು ಮಾತ್ರ ಮಡಚುತ್ತಿರಲಿಲ್ಲ. ತಮ್ಮ ಅವಳನ್ನು ಕಂಡದ್ದೇ ಕಣ್ಣೊರೆಸಿಕೊಂಡು ಕುರ್ಚಿ ಎಳೆದ. ಅಣ್ಣನ ಮುಖ ಗಂಟಾಗಿತ್ತು.

“ಇವನಿಗೆ... ಯಾಕೆ ಹೇಳಿದ್ರಿ?” ಎಂದ ದರ್ಜಿ. “ಹೃದಯದ ವಿಷಯ. ನಾನು... ಮುಚ್ಚಿಟ್ಟಿದ್ದೆ.”

“ಯಾಕಣ್ಣಾ ಮುಚ್ಚಿಟ್ಟೆ?” ತಮ್ಮ ಕೇಳಿದ.

“ಗೊತ್ತಾದ್ರೆ... ಕೂತ್ಕೋ, ಕೆಲಸ ಬೇಡ ಅಂತೀಯ. ಕತ್ತರಿ ಕಿತ್ಕೋತೀಯ.”

ತಮ್ಮ ಮುಖ ಆಚೆ ತಿರುಗಿಸಿದ. ದರ್ಜಿ ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡು ಮತ್ತೆ ಅವಳ ಕಡೆ ನೋಡಿದ. “ಕಂಪ್ಯೂಟರಿಗೆ ಗೊತ್ತಿತ್ತು... ಅಂತಾರೆ. ಮತ್ತೆ ಸೂಜಿ... ಯಾಕೆ ತಂದ್ರು?”

ಅವಳು ಏನೂ ಮುಚ್ಚಿಡದೆ ಹೇಳಿದಳು: ದಾಖಲೆ ಬಂದಿತ್ತು, ಕೆಳಗೆಲ್ಲೋ ಸಿಕ್ಕಿಕೊಂಡಿತ್ತು, ಡಾಕ್ಟರ ಕಣ್ಣಿಗೆ ಬೀಳಲಿಲ್ಲ, ತನಗೆ ಬಿತ್ತು, ಕಂಡ ಮೇಲೂ ತಾನು ಕ್ಷಣಕಾಲ ಅನುಮಾನಿಸಿದೆ. ದರ್ಜಿ ಅವಳನ್ನೇ ದಿಟ್ಟಿಸಿದ.

“ನಿಮ್ಮ ವಿಷಯ ವರದಿ ಒಪ್ಪಿಸೋ ಸಭೇಲಿ ಹೇಳ್ಲಾ?” ಎಂದು ಕೇಳಿದಳು.

“ಹೇಳಿ. ಹೆಸರು... ಬೇಡ.”

ಸಭೆಯ ಕೋಣೆಯಲ್ಲಿ ಉದ್ದ ಮೇಜು. ಆಸ್ಪತ್ರೆಗಳ ಆಡಳಿತದವರು ಒಂದು ಕಡೆ, ಅಧ್ಯಯನದವರು ಇನ್ನೊಂದು ಕಡೆ. ಮುಖ್ಯಸ್ಥೆ ಪರದೆಯ ಮೇಲೆ ಫಲಿತಾಂಶ ತೋರಿಸಿದರು. ಹಸಿರು ಕಂಬ ಎತ್ತರಕ್ಕೆ ನಿಂತಿತ್ತು. ಕೆಲವರು ತಲೆದೂಗಿದರು. ಗೋಡೆಯಕ್ಕ ಹಿಂದಿನ ಸಾಲಿನಲ್ಲಿದ್ದಳು. ಎದ್ದರೆ ಅನ್ನ ಕೊಟ್ಟವರ ಎದುರು ಎದ್ದ ಹಾಗೆ. ಏಳದಿದ್ದರೆ? ಅವಳು ಕುರ್ಚಿಯ ಕೈ ಹಿಡಿದು ಎದ್ದಳು.

“ಒಂದು ಮಾತು ಹೇಳ್ಬೇಕು.”

ಮುಖ್ಯಸ್ಥೆ ಅವಳನ್ನು ನೋಡಿದರು. ಆ ನೋಟದಲ್ಲಿ ಕೋಪವಿತ್ತು, ಸುಸ್ತೂ ಇತ್ತು. ಕೊನೆಗೆ, “ಹೇಳು,” ಎಂದರು.

ಅವಳು ಹೆಸರಿಲ್ಲದೆ ದರ್ಜಿಯ ಕಥೆ ಹೇಳಿದಳು. ಆಮೇಲೆ ಕೈಬಿಟ್ಟ ಉಳಿದವರದ್ದನ್ನೂ ಹೇಳಿದಳು. ಬಾಗಿಲ ಬಳಿ ಕೂತಿದ್ದ ಕನ್ನಡಕದ ಡಾಕ್ಟರು ಯಾರೂ ಕೇಳುವ ಮೊದಲೇ, “ಆ ಹಸಿರು ಗುರುತು ನಂದು. ನಾನು ದಾಖಲೆ ತೆರೆದೆ, ಅಷ್ಟೇ. ಅದರಿಂದ ಅವನಿಗೆ ಏನೂ ಉಪಯೋಗ ಆಗಲಿಲ್ಲ,” ಎಂದರು.

ಮುಖ್ಯಸ್ಥೆ ಮುಂದಿನ ಪುಟ ಒತ್ತಿದರು. ಅಲ್ಲಿ ಇನ್ನೊಂದು ಕಂಬವಿತ್ತು, ಕುಳ್ಳಗೆ. ಕೈಬಿಟ್ಟವರನ್ನೆಲ್ಲ ಸೇರಿಸಿ ಅವರು ಲೆಕ್ಕ ಹಾಕಿ ತಂದಿದ್ದರು. ತೋರಿಸಬೇಕೋ ಬೇಡವೋ ಎಂದು ಅಲ್ಲಿಯ ತನಕ ತೀರ್ಮಾನಿಸಿರಲಿಲ್ಲ.

“ನಿಯಮದ ಪ್ರಕಾರ ಮೊದಲನೇದು,” ಎಂದರು. “ಇದನ್ನೂ ಪಕ್ಕದಲ್ಲೇ ಅಚ್ಚು ಹಾಕ್ತೀನಿ.”

ಆಡಳಿತದವರಲ್ಲಿ ಒಬ್ಬರು ಪೆನ್ನು ಕೆಳಗಿಟ್ಟು ಕೇಳಿದರು: “ಹಾಗಾದ್ರೆ ಇದು ಕೆಲಸ ಮಾಡುತ್ತೋ ಇಲ್ವೋ? ಒಂದೇ ಮಾತಲ್ಲಿ ಹೇಳಿ.”

ಮುಖ್ಯಸ್ಥೆ ಬಾಯಿ ತೆರೆಯುವಷ್ಟರಲ್ಲಿ ಗೋಡೆಯಕ್ಕ ಹೇಳಿಬಿಟ್ಟಳು: “ಮಾಡುತ್ತೆ ಸಾರ್. ನಾವು ಕೊಚ್ಕೊಂಡಷ್ಟು ಮಾಡಲ್ಲ.”

ಯಾರೋ ನಕ್ಕರು. ಆದರೆ ಆ ದಿನ ತೀರ್ಮಾನ ಆಗಲಿಲ್ಲ. ಕೊನೆಗೆ ಬಂದ ಆದೇಶದಲ್ಲಿ ಅರ್ಧ ಸಿಹಿ, ಅರ್ಧ ಕಹಿ. ಜಾಲವನ್ನು ಮುಚ್ಚುವುದಿಲ್ಲ, ಹಬ್ಬಿಸುವುದೂ ಇಲ್ಲ. ಇನ್ನೊಂದು ವರ್ಷ ಇದೇ ಊರಿನಲ್ಲಿ ನಡೆಸಬೇಕು. ಯಾವ ಆಸ್ಪತ್ರೆಯವರು ಕೊಟ್ಟಿದ್ದರೂ ಅಪಾಯದ ಔಷಧಿಗಳು ಮೊದಲ ಪುಟದ ನೆತ್ತಿಯಲ್ಲೇ ಕಾಣಬೇಕು. ದಾಖಲೆ ತೆರೆದ ಮಾತ್ರಕ್ಕೆ ಗುರುತು ಹಾಕಬಾರದು. ಔಷಧಿ ಕೊಡುವ ಮೊದಲು ವೈದ್ಯರು ಅದನ್ನು ಓದಿದರೇ ಎಂದು ಅಳೆಯಬೇಕು. ವೀಕ್ಷಕರು ಕೂಗಿದ ಪ್ರತಿಯೊಂದನ್ನೂ ಸೋಲೆಂದೇ ಬರೆಯಬೇಕು. ಅದರ ಜೊತೆಗೆ ವೀಕ್ಷಕರ ತಂಡವೂ ಅರ್ಧಕ್ಕಿಳಿಯಿತು. ಕೆಲಸ ಕಳೆದುಕೊಂಡವರಲ್ಲಿ ಒಬ್ಬಳು, ಕ್ಯಾಂಟೀನಿನಲ್ಲಿ ಅವಳ ಎದುರಿಗೆ ಕೂತಿದ್ದವಳು, ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದಳು. ಗೋಡೆಯಕ್ಕ ತಡೆಯಲಿಲ್ಲ. ಅವಳ ಜಾಗದಲ್ಲಿ ತಾನಿದ್ದರೂ ಹೋಗುತ್ತಿದ್ದೆ ಅನಿಸಿತು.

ಮುಖ್ಯಸ್ಥೆ ತಿಂಗಳುಗಟ್ಟಲೆ ಅವಳ ಜೊತೆ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದರು. ವರ್ಷ ತುಂಬಿ ಎರಡನೆಯ ವರದಿ ಸಿದ್ಧವಾದಾಗ ಯಾರಿಗೂ ತೋರಿಸುವ ಮೊದಲು ಅವಳನ್ನು ಕೋಣೆಗೆ ಕರೆದರು.

“ಓದು. ಈ ಸಲ ಏನು ಗುಡಿಸಿ ಹಾಕಿದೀವಿ ಹೇಳು.”

ಅಂಕಿಗಳು ಚೆನ್ನಾಗಿದ್ದವು, ಕೂಗಬೇಕಾಗಿ ಬಂದದ್ದು ತೀರ ಅಪರೂಪ. ಅವಳು ನಿಧಾನವಾಗಿ ಓದಿ, ಒಂದು ಕಡೆ ಬೆರಳಿಟ್ಟು, “ನಮ್ಮತ್ತೆ ಥರ ಜಾಲಕ್ಕೆ ಹೆಸರೇ ಬರೆಸದೆ ಇರೋರು ಇದರಲ್ಲಿ ಎಲ್ಲಿದಾರೆ ಮೇಡಂ?” ಎಂದಳು.

ಮುಖ್ಯಸ್ಥೆ ನಿಟ್ಟುಸಿರು ಬಿಟ್ಟು ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡರು. ಇಬ್ಬರೂ ಸಂಜೆಯವರೆಗೆ ಅಲ್ಲೇ ಕೂತು ಜಗಳವಾಡಿದರು.