ಟವೆಲ್ಲಿನ ಕೆಳಗೆ ಕೊಟ್ಟ ಕೈ

ಸಿಂದಗಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲೀಕರು ತೊಗರಿ ವ್ಯಾಪಾರಿಗಳ ಸಂಘದ ಅಧ್ಯಕ್ಷರು. ಕೆಳಗೆ ಅವರ ಅಂಗಡಿ, ಮೇಲೆ ನಾವು. ನಾನು ಸರಕಾರಿ ವಕೀಲನಾಗಿದ್ದಾಗ ಅವರ ಮೇಲೆಯೇ ಮೊಕದ್ದಮೆ ನಡೆಸಬೇಕಾಗಿ ಬಂತು. ಹಗಲು ಕೋರ್ಟಿನಲ್ಲಿ ಅವರನ್ನು ವಂಚಕರೆಂದು ಕರೆದು, ಸಂಜೆ ಅವರ ಅಂಗಡಿಯೊಳಗಿನ ಮೆಟ್ಟಿಲನ್ನೇ ಹತ್ತಿ ಮನೆ ಸೇರುವುದು. ಬೇರೆ ಮನೆ ಹುಡುಕಿದೆ, ಸಿಗಲಿಲ್ಲ. ಅವರೋ ಒಂದು ದಿನವೂ ಮುಖ ಗಂಟು ಹಾಕಿದವರಲ್ಲ. "ಬರ್ರಿ ಸಾಹೇಬ್ರ, ಚಾ ಕುಡದು ಮ್ಯಾಲ ಹೋಗ್ರಿ" ಎನ್ನುತ್ತಿದ್ದರು. ಸಿಟ್ಟಾಗುವವನ ಜೊತೆ ಜಗಳವಾಡಬಹುದು. ಚಹಾ ಕೊಡುವವನನ್ನು ಏನು ಮಾಡುವುದು?

ಮೊಕದ್ದಮೆ ಇಷ್ಟೇ. ನಮ್ಮ ಪೇಟೆಯಲ್ಲಿ ತೊಗರಿಯ ರಾಶಿಯ ಮುಂದೆ ನಿಂತು ಯಾರೂ ದರ ಕೂಗುತ್ತಿರಲಿಲ್ಲ. ಖರೀದಿದಾರ ರೈತನ ಕೈ ಹಿಡಿದು, ಮೇಲೊಂದು ಟವೆಲ್ ಹೊದಿಸಿ, ಬೆರಳು ಒತ್ತಿ ದರ ತಿಳಿಸುತ್ತಿದ್ದ. ಬೆರಳಿಗೆ ಒಂದು ಲೆಕ್ಕ, ಗೆಣ್ಣಿಗೆ ಒಂದು ಲೆಕ್ಕ. ಒಬ್ಬ ಎಷ್ಟು ಹೇಳಿದನೆಂದು ಇನ್ನೊಬ್ಬನಿಗೆ ಗೊತ್ತಾಗದೆ, ಪ್ರತಿಯೊಬ್ಬನೂ ತನ್ನ ದರ ತಾನು ಹೇಳಲಿ ಎಂಬುದಕ್ಕೇ ಆ ಟವೆಲ್. ಆದರೆ ಆ ವರ್ಷ ಖರೀದಿದಾರರೆಲ್ಲ ಬೆಳಿಗ್ಗೆಯೇ ಅಧ್ಯಕ್ಷರ ಅಂಗಡಿಯಲ್ಲಿ ಕೂತು ಒಂದು ದರ ಗೊತ್ತು ಮಾಡಿಕೊಂಡು, ಆಮೇಲೆ ಒಬ್ಬೊಬ್ಬರಾಗಿ ಬಂದು ಟವೆಲ್ಲಿನ ಕೆಳಗೆ ಅದನ್ನೇ ಒತ್ತಿಹೋಗಿದ್ದರು. ಇಂಥ ಒಳಒಪ್ಪಂದ ತಡೆಯಲು ದಿಲ್ಲಿಯಲ್ಲಿ ದೊಡ್ಡ ಕಾನೂನೇ ಇತ್ತು. ಪಾಪ, ಅದಕ್ಕೆ ಸಿಂದಗಿಯ ಬಸ್ಸು ಸಿಕ್ಕಿರಲಿಲ್ಲ. ನಾವು ವಂಚನೆ, ಒಳಸಂಚು ಎಂದು ಕಲಮು ಹಚ್ಚಿದೆವು.

ನನ್ನ ಸಾಕ್ಷಿ ದೇವಣಗಾಂವದ ಒಬ್ಬ ಮುದುಕ, ರಾಶಿಯ ಧಣಿ. ದಲಾಲನ ಕೈಗೆ ಬಿಡದೆ ತನ್ನ ಕೈ ತಾನೇ ಕೊಡುವ ಹಠದವ. "ಎಲ್ಲಾರೂ ಒಂದ ಲೆಕ್ಕ ಒತ್ಯಾರ್ರಿ" ಎಂದ. ಎದುರು ವಕೀಲರು ಎದ್ದು, "ನೋಡಿದವರು ಯಾರು?" ಎಂದು ಕೇಳಿ ಕೂತರು. ಟವೆಲ್ಲಿನ ಕೆಳಗಿನದನ್ನು ನೋಡುವವರು ಯಾರು? ಎಲ್ಲರೂ ಖುಲಾಸೆಯಾದರು. ಮುದುಕ ಹೊರಗೆ ಬಂದು, "ನಾ ಸುಳ್ಳ ಹೇಳ್ದಂಗಾತಲ್ರಿ ಸಾಹೇಬ್ರ" ಎಂದ. ತೊಗರಿಯ ಮಾತನ್ನೇ ಎತ್ತಲಿಲ್ಲ. ಅವನಿಗೆ ಚುಚ್ಚಿದ್ದು ಅದೊಂದೇ.

ಅದೇ ವರ್ಷ ನನಗೆ ದೂರದ ಮೈಸೂರು ಸೀಮೆಗೆ ವರ್ಗವಾಯಿತು. ಹೆಂಡತಿಯ ಮಾಸ್ತರಿಕೆ ಸಿಂದಗಿಯಲ್ಲಿ, ಹಾಸಿಗೆ ಹಿಡಿದ ಅವ್ವ ಮೇಲಿನ ಮನೆಯಲ್ಲಿ. ರಾಜೀನಾಮೆ ಕೊಟ್ಟೆ. ಕರಿ ಕೋಟು ಅದೇ, ಕೋರ್ಟು ಅದೇ, ಕೂಡುವ ಬದಿ ಮಾತ್ರ ಬದಲು. ಮೊದಲ ವಕಾಲತ್ತು ಕೆಳಗಿನ ಅಂಗಡಿಯಿಂದಲೇ ಬಂತು. "ನಮ್ಮ ಧಂದೆ ನಿಮ್ಮಷ್ಟು ಯಾರಿಗೂ ಗೊತ್ತಿಲ್ರಿ" ಎಂದರು ಅಧ್ಯಕ್ಷರು. ಅವರನ್ನು ಹಿಡಿಯಲೆಂದು ಕಲಿತದ್ದೆಲ್ಲ ಅವರನ್ನು ಬಿಡಿಸಲು ಬಂತು. ಇಂಡಿ ಪಟ್ಟಣದ ಸಕ್ಕರೆ ವ್ಯಾಪಾರಿ, ಮುದ್ದೇಬಿಹಾಳದ ಸಹಕಾರಿ ಬ್ಯಾಂಕಿನ ಮ್ಯಾನೇಜರು, ಬಾಗೇವಾಡಿಯ ಗೊಬ್ಬರದ ಏಜೆಂಟರು, ಬಿಳಿ ಅಂಗಿಯ ಆರೋಪಿಗಳೆಲ್ಲ ಆ ಮೆಟ್ಟಿಲು ಹತ್ತತೊಡಗಿದರು. ಯಾರಿಗೂ ಇಲ್ಲವೆನ್ನುವ ಹಾಗಿಲ್ಲ, ಎಲ್ಲರೂ ಅಧ್ಯಕ್ಷರ ಬೀಗರೋ ಗೆಳೆಯರೋ. ಕೆಲವು ದಿನ ಮೇಲೆ ಕೂತು ಉಸಿರು ಕಟ್ಟಿದಂತಾಗಿ ಕಿಟಕಿ ತೆರೆದರೆ, ಕೆಳಗಿಂದ ತೊಗರಿಯ ದೂಳು ಬರುತ್ತಿತ್ತು.

ಕೆಲವು ಸುಗ್ಗಿ ಕಳೆದ ಮೇಲೆ ಮತ್ತೊಂದು ದೂರು ಬಂತು. ಅದೇ ಆರೋಪ, ಅದೇ ಅಧ್ಯಕ್ಷರು. ಸಾಕ್ಷಿಕಟ್ಟೆಯಲ್ಲಿ ಅದೇ ಮುದುಕ. ಈ ಸಲ ಪಾಟೀಸವಾಲು ನನ್ನದು.

"ಬೆರಳು ಒತ್ತಿದರೆ ಇಷ್ಟೇ ಎಂದು ಖಚಿತವಾಗಿ ಹೇಳಲಾಗದು, ಒಬ್ಬೊಬ್ಬರಿಗೆ ಒಂದೊಂದು ತಿಳಿಯುತ್ತದೆ" ಎಂದು ವಾದಿಸಿದೆ. ದಕ್ಷಿಣದ ಕಡೆಯಿಂದ ಬಂದ ನ್ಯಾಯಾಧೀಶರಿಗೆ ಕುತೂಹಲ. "ಹಾಗಾದರೆ ಇಲ್ಲೇ ಮಾಡಿ ತೋರಿಸಿ" ಎಂದರು. ಖರೀದಿದಾರರು ಒತ್ತಿದ್ದ ದರವನ್ನು ಮುದುಕ ಮೊದಲು ತಮಗೊಬ್ಬರಿಗೇ ಮೆಲ್ಲಗೆ ಹೇಳಲಿ, ಆಮೇಲೆ ಯಾರದಾದರೂ ಕೈಗೆ ಒತ್ತಲಿ ಎಂದರು. ಗೆದ್ದೇ ಬಿಟ್ಟೆನೆಂಬ ಹುರುಪಿನಲ್ಲಿ, ಬೆರಳ ಲೆಕ್ಕ ಬಲ್ಲ ನಾನೇ ಮುಂದೆ ಹೋಗಿ ಕೈ ಚಾಚಿದೆ. ಪೇಟೆಯ ಮೇಲೆಯೇ ಮನೆ ಮಾಡಿದವನಿಗೆ ಮಾತ್ರ ಬರುವ ಹುಂಬತನ ಅದು. ಕೋರ್ಟಿನಲ್ಲಿದ್ದೇನೆ ಎಂಬುದೇ ಮರೆತಿತ್ತು.

ಮುದುಕ ಹೆಗಲ ಮೇಲಿನ ಟವೆಲ್ ಹೊದಿಸಿ ಬೆರಳು ಹಿಡಿದ. ಒರಟು ಕೈ. ಅವಸರವಿಲ್ಲದೆ, ಗೆಣ್ಣು ಗೆಣ್ಣು ಬಿಡಿಸಿ ಒತ್ತಿದ. ತಪ್ಪಾಗಿ ತಿಳಿಯಲು ಸಾಧ್ಯವೇ ಇರಲಿಲ್ಲ. ನಾನು ಬೇರೆ ಯಾವುದಾದರೂ ದರ ಹೇಳಿದ್ದರೆ ಮೊಕದ್ದಮೆ ಅಲ್ಲೇ ಬಿದ್ದುಹೋಗುತ್ತಿತ್ತು. ಅಧ್ಯಕ್ಷರು ಹಿಂದಿನ ಬೆಂಚಿನಿಂದ ನಗುತ್ತ ನೋಡುತ್ತಿದ್ದರು. ನನ್ನ ಬಾಯಿಗೆ ಬೇರೆ ದರ ಬರಲಿಲ್ಲ. ಅವನು ಒತ್ತಿದ್ದನ್ನೇ ಹೇಳಿದೆ.

"ಇವರೂ ಅದನ್ನೇ ಹೇಳಿದ್ದರು" ಎಂದರು ನ್ಯಾಯಾಧೀಶರು. ಸರಕಾರಿ ವಕೀಲ ಛಂಗನೆ ಎದ್ದು, ಆರೋಪಿಗಳ ವಕೀಲರೇ ಈಗ ಸಾಕ್ಷಿಯಾದರು ಎಂದ. ನ್ಯಾಯಾಧೀಶರು ನನಗೆ ವಕಾಲತ್ತಿನಿಂದ ಹಿಂದೆ ಸರಿಯಲು ಹೇಳಿದರು. ಹೊರಬಂದಾಗ ಎದೆ ಹಗುರಾಗಿತ್ತು. ಇನ್ನು ಅಧ್ಯಕ್ಷರು ಮನೆ ಬಿಡಿಸುತ್ತಾರೆ, ಯಾರೂ ಮೆಟ್ಟಿಲು ಹತ್ತುವುದಿಲ್ಲ, ಬಿಡುಗಡೆಯಾಯಿತು ಎಂದುಕೊಂಡೆ. ಅಷ್ಟು ಖುಷಿಯಿಂದ ನಾನು ಯಾವ ಮೊಕದ್ದಮೆಯನ್ನೂ ಗೆದ್ದಿರಲಿಲ್ಲ.

ಆದರೆ ಹೊಸ ವಕೀಲರು ವಾಯಿದೆ ಕೇಳಿದರು. ಆಮೇಲೆ ಆರೋಪಿಗಳ ವಕೀಲನೇ ಸಾಕ್ಷಿಯಾದ್ದರಿಂದ ವಿಚಾರಣೆಯೇ ಕೆಟ್ಟಿತು ಎಂದು ಮೇಲಿನ ಕೋರ್ಟಿಗೆ ಹೋದರು. ಅಷ್ಟರಲ್ಲಿ ನ್ಯಾಯಾಧೀಶರಿಗೆ ವರ್ಗವಾಯಿತು. ಎಲ್ಲವೂ ಮೊದಲಿಂದ ಶುರುವಾಗಬೇಕೆಂದು ಆದೇಶ ಬಂದ ದಿನ ಅಧ್ಯಕ್ಷರು ಪೇಢೆಯ ಡಬ್ಬಿ ಹಿಡಿದು ಮೇಲೆ ಬಂದರು.

"ಏನ್ ಡಾವ್ ಹಾಕಿದ್ರಿ ಸಾಹೇಬ್ರ! ಅವತ್ತ ನಾ ಸುಮ್ನ ನಿಮ್ಮ ಮ್ಯಾಲ ಸಿಟ್ಟಾಗಿದ್ನಿ ನೋಡ್ರಿ. ಇನ್ನ ಹತ್ತ ವರ್ಷ ನಿಶ್ಚಿಂತಿ."

"ಡಾವ್ ಅಲ್ರಿ, ಖರೇ ಹೇಳಿದ್ನಿ" ಎಂದೆ. ಅವರು ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಈ ಮಾತನ್ನೂ ಪೇಟೆಗೆಲ್ಲ ಹೇಳಿದರು. ನನ್ನಲ್ಲಿಗೆ ಬರುವವರು ದುಪ್ಪಟ್ಟಾದರು.

ಬಸ್ ಸ್ಟ್ಯಾಂಡಿನಲ್ಲಿ ಒಂದು ಮಧ್ಯಾಹ್ನ ಮುದುಕ ಸಿಕ್ಕ. ಊರಿಗೆ ಹೋಗಲು ಆಲಮೇಲದ ಬಸ್ಸಿಗೆ ಕಾಯುತ್ತಿದ್ದ. ಬಳಿ ಕೂತು, "ಯಜಮಾನ್ರ, ಅವತ್ತ ನಾ ಖರೇನ ಹೇಳಿದ್ನಿರಿ" ಎಂದೆ.

"ಹೇಳಿದ್ರಿ. ಯಾರ್ ಇಲ್ಲ ಅಂತಾರ? ನೀವು ಸುಳ್ಳ ಹೇಳಿದ್ರ ನಾ ಅವತ್ತ ಮುಗದು ಮನಿಗಿ ಹೋಗ್ತಿದ್ನಿ. ಖರೇ ಹೇಳಿ ನನ್ನ ಮತ್ತ ಕಟಕಟಿ ಹತ್ತಸ್ತೀರಿ. ಅದ ನಿಮ್ಮ ಡಾವ್ ಅಂತ, ಪ್ಯಾಟ್ಯಾಗೆಲ್ಲ ಅಂತಾರ."

ಬಸ್ಸು ಬಂತು. ಹತ್ತಲು ಆಸರೆಯಾಗಲೆಂದು ಕೈ ನೀಡಿದೆ. ಅವನು ನನ್ನ ಕೈಯನ್ನೊಮ್ಮೆ ನೋಡಿ, ತನ್ನದನ್ನು ಟವೆಲ್ಲಿನೊಳಗೆ ಎಳೆದುಕೊಂಡ. ಇನ್ನೊಂದು ಕೈಯಲ್ಲಿ ಬಾಗಿಲ ಸರಳು ಹಿಡಿದು, ತಡವರಿಸುತ್ತ ತಾನೇ ಹತ್ತಿದ.

ಮನೆಗೆ ಬಂದೆ. "ಬರ್ರಿ ಸಾಹೇಬ್ರ, ಚಾ ಕುಡದು ಮ್ಯಾಲ ಹೋಗ್ರಿ" ಎಂದರು ಅಧ್ಯಕ್ಷರು. ಕುಡಿದೆ. ಮೇಲೆ ಹೋಗಲು ಇದ್ದದ್ದು ಅದೊಂದೇ ಮೆಟ್ಟಿಲು.